ಗೀರು ಅಳಿಸಿದವನು

"ಗೀರುಗಳನ್ನು ಮಾತ್ರ ಮುಟ್ಟಬೇಡಿ," ಎಂದಳು ಬೀಟ್ರಿಸ್. "ಇದರ ಫೋಟೋ ತೆಗೆಯುವುದೂ ಬೇಡ. ಎರಡು ಗಾಜುಗಳ ನಡುವೆ ಇಟ್ಟು ಅಂಚು ಮುಚ್ಚಿ ಕೊಟ್ಟುಬಿಡಿ. ಅಷ್ಟೇ ಕೆಲಸ."

ಬಾಲಸುಬ್ರಹ್ಮಣ್ಯ ಹೂಂಗುಟ್ಟಿದ. ಹೂಂಗುಟ್ಟುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ಎಷ್ಟು ದೂರ ಎಂಬುದು ಅವನ ಹೆಂಡತಿ ಆಶಿತಾಗೆ ಮದುವೆಯಾದ ಹೊಸತರಲ್ಲೇ ಗೊತ್ತಾಗಿತ್ತು. ಪಾಪ, ಬೀಟ್ರಿಸ್‌ಗೆ ಗೊತ್ತಿರಲಿಲ್ಲ. ಅವಳು ಮಕಮಲ್ಲಿನ ಬಟ್ಟೆ ಬಿಚ್ಚಿ ಆ ಗಾಜಿನ ನೆಗೆಟಿವನ್ನು ಮೇಜಿನ ಮೇಲಿಟ್ಟಳು. ಬಟ್ಟೆ ಬಿಚ್ಚಿದ್ದೇ ತಡ, ಕೋಣೆಯ ತುಂಬ ಹಳೇ ಕಾಲದ ಆಸ್ಪತ್ರೆಯ ವಾಸನೆ. ಅದರಡಿಯಲ್ಲಿ ಇನ್ನೊಂದು, ಬಿಸಿಲಿಗೆ ಬಿದ್ದು ಕೊಳೆತ ಕಡಲಪಾಚಿಯದು. ಏಸಿ ಹಾಕಿದ ಆ ಹಜಾರದಲ್ಲಿ ಕಡಲಪಾಚಿಗೇನು ಕೆಲಸ ಎಂದು ಅವನು ಕೇಳಲಿಲ್ಲ.

ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಆ ಬಂಗಲೆಯ ತುಂಬ ರಟ್ಟಿನ ಪೆಟ್ಟಿಗೆಗಳಿದ್ದವು. ಬೀಟ್ರಿಸ್ ಅರವತ್ತು ದಾಟಿದ ಇಂಗ್ಲಿಷಿನವಳು. ಬಹಳ ವರ್ಷ ಇಲ್ಲಿಯೇ ಮಕ್ಕಳಿಗೆ ಪಾಠ ಹೇಳಿದವಳು. ಎಣ್ಣೆಯ ಬೆಲೆ ನೆಲ ಕಚ್ಚಿದ ಮೇಲೆ ದೊಡ್ಡ ಸಂಬಳದವರು ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟರು, ಮಕ್ಕಳಿಲ್ಲದ ಮೇಲೆ ಟೀಚರಿಗೂ ಕೆಲಸವಿಲ್ಲ. ಹೊರಡುವ ಮುಂಚೆ ಈ ನೆಗೆಟಿವನ್ನು ಅದು ಹುಟ್ಟಿದ ಕಡಲ ತೀರಕ್ಕೆ ಒಯ್ದು ಹೂಳಬೇಕೆಂದು ಅವಳ ಹಟ. ಗಾಜಿನ ಮೇಲಿನ ಪೊರೆ ಉದುರತೊಡಗಿತ್ತು, ಅದಕ್ಕೇ ಫ್ರೇಮಿನವರನ್ನು ಕರೆಸಿದ್ದು.

"ನನ್ನ ಮುತ್ತಜ್ಜ ಹೆರಾಲ್ಡ್ ತೆಗೆದ ಚಿತ್ರ ಇದು. ನಮ್ಮ ನೌಕಾಪಡೆಯ ಜೊತೆ ಬಂದಿದ್ದ. ಹಡಗಿನವರು ಒಂದು ಮೀನುಗಾರರ ಹಳ್ಳಿಗೆ ಫಿರಂಗಿ ಹಾರಿಸಿದರು. ಸಂಜೆ ಇವನು ಕ್ಯಾಮೆರಾ ಹಿಡಿದು ದಡಕ್ಕಿಳಿದ. ಅಷ್ಟರಲ್ಲಿ ಊರವರು ಹೆಣಗಳಿಗೆ ಬಟ್ಟೆ ಸುತ್ತಿಬಿಟ್ಟಿದ್ದರು." ಬೀಟ್ರಿಸ್ ಕಿಟಕಿಯ ಕಡೆ ನೋಡಿದಳು. "ಇವನು ಆ ಬಟ್ಟೆ ಬಿಚ್ಚಿಸಿದ. ಚೆನ್ನಾಗಿ ಕಾಣುವ ಹಾಗೆ ಗೋಡೆಗೆ ಒರಗಿಸಿದ."

"ಗೀರು ಹಾಕಿದ್ದು ಯಾರು?"

"ಆ ಹೆಣಗಳಲ್ಲಿ ಒಂದು ಮಗುವೂ ಇತ್ತು, ಅದರ ತಾಯಿ. ಡೇರೆಯಲ್ಲಿ ಒಣಗಲು ಇಟ್ಟಿದ್ದ ಗಾಜಿನ ಹತ್ತಿರ ಹೇಗೋ ನುಗ್ಗಿದಳಂತೆ. ಮುಖ ಕೆರೆಯುತ್ತಾ ಶಾಪ ಹಾಕಿದಳಂತೆ. ಈ ಮುಖಗಳನ್ನು ತಿರುಗಿ ತರಿಸುವವರು ತಮ್ಮವರ ಮುಖ ತೆರಬೇಕು ಅಂತ."

ಅವನು ನಗು ತಡೆದುಕೊಂಡು ಗಾಜನ್ನು ಬೆಳಕಿಗೆ ಹಿಡಿದ. ಕೆಲಸಗಾರನ ಕಣ್ಣು ಮೊದಲು ನೋಡುವುದು ಹಾಳಾದ ಜಾಗವನ್ನೇ. ಎರಡು ಮುಖಗಳಿರಬೇಕಾದಲ್ಲಿ ಕೂದಲೆಳೆಯಂಥ ಗೀರುಗಳ ಎರಡು ಗೋಜಲು. ಒಂದರ ಮೇಲೊಂದು, ಒತ್ತೊತ್ತಾಗಿ. ಉಳಿದ ಚಿತ್ರವೆಲ್ಲ ನಿನ್ನೆ ತೆಗೆದಷ್ಟು ನಿಚ್ಚಳ. 'ಅಯ್ಯೋ, ಇದನ್ನ ಸರಿ ಮಾಡಿದ್ರೆ!' ಎಂದು ಅವನ ಕೈ ಆಗಲೇ ಕಡಿಯತೊಡಗಿತು.

ಆ ಕಡಿತಕ್ಕೆ ಕಾರಣವಿತ್ತು. ಬಾಲಸುಬ್ರಹ್ಮಣ್ಯ ಮೈಸೂರಿನವನು. ಮಸ್ಕತ್ತಿನ ಒಂದು ಎಣ್ಣೆ ಕಂಪನಿಯಲ್ಲಿ ಹಳೆಯ ಸರ್ವೆ ಫೋಟೋಗಳನ್ನು ಸ್ಕ್ಯಾನ್ ಮಾಡಿ, ಕಲೆ ಗೀರು ತೆಗೆದು ಹೊಸದು ಮಾಡುವುದು ಅವನ ಕೆಲಸವಾಗಿತ್ತು. ಬೆಲೆ ಬಿದ್ದಾಗ ಕಂಪನಿಗೆ ಮೊದಲು ಬೇಡವಾದದ್ದು ಹಳೆಯ ಫೋಟೋಗಳು. ಈಗ ಗ್ಯಾರೇಜುಗಳ ಬಡಾವಣೆಯಾದ ಘಾಲಾದಲ್ಲಿ ಕುಂಞಮ್ಮದ್ ಎಂಬ ಉಳ್ಳಾಲದ ಬ್ಯಾರಿಯ ಫ್ರೇಮಿನ ಅಂಗಡಿಯಲ್ಲಿ ಹಿಂದಿನ ಕೋಣೆ ಅವನದು. ವೀಸಾದ ಫೋಟೋ ತೆಗೆಯುವುದು, ಮದುವೆ ಫೋಟೋದ ಅತ್ತೆ ಮಾವಂದಿರನ್ನು ಬೆಳ್ಳಗೆ ಮಾಡುವುದು. ಊರಲ್ಲೊಂದು ಹೊಸ ವಸ್ತುಸಂಗ್ರಹಾಲಯ ಬರುತ್ತಿದೆ, ಹಳೆಯ ಚಿತ್ರ ಸರಿಪಡಿಸುವವರು ಬೇಕಾಗಿದ್ದಾರೆ ಎಂದು ಸುದ್ದಿ ಹಬ್ಬಿತ್ತು. ಒಂದು ಒಳ್ಳೆ ಮಾದರಿ ತೋರಿಸಿದರೆ ಸಾಕು, ಕೆಲಸ ಸಿಕ್ಕೀತು. ಇಲ್ಲವಾದರೆ ರಜೆಗೆ ಮುಂಚೆ ಮಗಳು ಹಿತಾಳನ್ನು ಶಾಲೆ ಬಿಡಿಸಿ ಗಂಟುಮೂಟೆ ಕಟ್ಟುವುದೇ.

ಇಂಥ ಹೊತ್ತಿನಲ್ಲಿ ಇಂಥ ನೆಗೆಟಿವ್ ಕೈಗೆ ಬಂದರೆ ಯಾರು ತಾನೆ ಬಿಟ್ಟಾರು? ಹಸಿದವನ ಮುಂದೆ ಎಲೆ ಹಾಕಿ ಉಣ್ಣಬೇಡ ಎಂದ ಹಾಗಾಯಿತು.

ಘಾಲಾದಲ್ಲಿ ಕುಂಞಮ್ಮದ್ ಗರಗಸ ನಿಲ್ಲಿಸಿ ಗಾಜನ್ನು ನೋಡಿದರು. ಬಿಳಿ ಗಡ್ಡದಲ್ಲಿ ಮರದ ಹುಡಿ. ಮೈಸೂರಿನವರೆಂದರೆ ಸಾಕು, ಅವರಿಗೆ ಎಲ್ಲರೂ 'ಭಟ್ರು'.

"ಭಟ್ರೆ, ಇದು ಹೆಣದ ಪಟ ಅಲ್ವಾ?"

"ಹೌದು ಸಾಹೇಬ್ರೆ. ಎಂಥಾ ಕ್ಲಾರಿಟಿ ನೋಡಿ! ಆ ಮುಖ ಎರಡು ಸರಿ ಮಾಡಿಬಿಟ್ರೆ—"

"ಎಂತದ್ದು ಸರಿ ಮಾಡುದು? ಮುಚ್ಚಿದ ಮುಖವನ್ನು ಮತ್ತೆ ತೆಗೆಯುವ ಕ್ರಮ ಉಂಟಾ? ಈ ಗೀರುಂಟಲ್ಲ, ಇದು ಗೀರಲ್ಲ ಮಾರಾಯ್ರೆ. ಇದು ಕಫನ್, ಹೆಣಕ್ಕೆ ಸುತ್ತುವ ಬಟ್ಟೆ. ಆ ತಾಯಿ ಹೊದೆಸಿದ್ದು."

"ನಮ್ಮ ಮೈಸೂರಲ್ಲಿ ಮೂರು ದಾರಿ ಸೇರೋ ಕಡೆ ಮಾಟದ ನಿಂಬೆಹಣ್ಣು ಬಿದ್ದಿರುತ್ತೆ. ನಾನು ಕಾಲೇಜಿನಲ್ಲಿದ್ದಾಗ ಅದನ್ನ ಎತ್ಕೊಂಡು ಬಂದು ಶರಬತ್ತು ಮಾಡಿ ಕುಡ್ದವನು. ಏನಾಯ್ತು? ಬಾಯಾರಿಕೆ ಹೋಯ್ತು."

ಕುಂಞಮ್ಮದ್ ನಗಲಿಲ್ಲ. "ನಿಮ್ಮ ಇಷ್ಟ. ಶನಿವಾರ ನಾನು ಗಾಜು ಕೂಡಿಸಿ ಕೊಡ್ತೇನೆ. ಅಲ್ಲಿವರೆಗೆ ಮುಚ್ಚಿಯೇ ಇಡಿ."

ಮುಚ್ಚಿ ಇಡಲಿಲ್ಲವೆಂದು ಬೇರೆ ಹೇಳಬೇಕೇ? ಹಿಂದಿನ ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಹೊಡೆದಿತ್ತು, ಬಾಗಿಲಿಗೂ ಕಪ್ಪು ಪರದೆ. ಹೊರಗೆ ಮಟಮಟ ಮಧ್ಯಾಹ್ನವಾದರೂ ಒಳಗೆ ಗವಿಯ ಕತ್ತಲು. ನೆಗೆಟಿವನ್ನು ಸ್ಕ್ಯಾನರಿನ ಮೇಲೆ ಮಲಗಿಸಿದ. ಬೆಳಕಿನ ಪಟ್ಟಿ ನಿಧಾನಕ್ಕೆ ಅದರಡಿ ಹರಿದುಹೋಯಿತು. 'ಗಾಜನ್ನು ಕೆರೆದೆನೇ? ಇಲ್ಲ. ಗೀರು ಮುಟ್ಟಿದೆನೇ? ಅದೂ ಇಲ್ಲ. ಮಾಡುವುದೆಲ್ಲ ಕಂಪ್ಯೂಟರಿನಲ್ಲಿ ತಾನೆ?' ಎಂದು ತನಗೆ ತಾನೇ ನ್ಯಾಯ ಹೇಳಿಕೊಂಡ. ತಪ್ಪು ಮಾಡುವವನ ಹತ್ತಿರ ವಕೀಲ ಸದಾ ಇದ್ದೇ ಇರುತ್ತಾನೆ.

ಕಂಪ್ಯೂಟರಿನ ಪರದೆಯ ಮೇಲೆ ಕಪ್ಪು ಬಿಳುಪನ್ನು ಅದಲು ಬದಲು ಮಾಡಿದಾಗ ಚಿತ್ರ ಎದ್ದು ಬಂತು. ಒಡೆದ ಕೋಟೆಗೋಡೆ. ಮರಳು. ಹಿಂದೆ ಸಾಲಾಗಿ ಸಿಪಾಯಿಗಳು, ಆದರೆ ಯಾರಿಗೂ ಮುಖವಿಲ್ಲ, ಬರೀ ಹೊಗೆ. ಆ ಕಾಲದ ಕ್ಯಾಮೆರಾಕ್ಕೆ ಬೆಳಕು ಕುಡಿಯಲು ಹೊತ್ತು ಬೇಕಿತ್ತು. ಅಷ್ಟರಲ್ಲಿ ಉಸಿರಾಡಿದವನು, ಕಾಲು ಬದಲಿಸಿದವನು, ನೊಣ ಓಡಿಸಿದವನು ಎಲ್ಲ ಮಸುಕು. ಮುಂದೆ ಗೋಡೆಗೊರಗಿದ್ದವರು ಇಬ್ಬರು, ಒಬ್ಬ ಮುದುಕ, ಪಕ್ಕದಲ್ಲಿ ಒಂದು ಹೆಣ್ಣುಮಗು. ಮುದುಕನ ತೋಳನ್ನು ಎತ್ತಿ ಮಗುವಿನ ಹೆಗಲ ಮೇಲೆ ಇಡಿಸಿದ್ದ ಹೆರಾಲ್ಡ್, ಸಂಜೆ ಗಾಳಿಗೆ ಕೂತ ಅಜ್ಜ ಮೊಮ್ಮಗಳ ಹಾಗೆ. ಅವರ ಬೆರಳಿನ ಉಗುರು, ಅಂಗಿಯ ನೂಲು, ಮಗುವಿನ ಬಳೆ ಎಲ್ಲ ಕಡೆದಿಟ್ಟಷ್ಟು ಸ್ಪಷ್ಟ. ಬದುಕಿದ್ದವರು ಅಲುಗಿದ್ದರು, ಸತ್ತವರು ಅಲುಗಿರಲಿಲ್ಲ. ಬಾಲಸುಬ್ರಹ್ಮಣ್ಯನಿಗೆ ಮೈ ಜುಮ್ಮೆಂದಿತು, ಆದರೆ ಅದು ಕಸುಬಿನ ಖುಷಿ ಎಂದುಕೊಂಡ.

ಗೀರು ಒರೆಸಿದ. ಅಡಿಯಲ್ಲಿ ಮುಖವಿರಲಿಲ್ಲ. ಆ ತಾಯಿ ಚೂರೂ ಉಳಿಸದೆ ಕೆರೆದಿದ್ದಳು. ಇಂಥಲ್ಲಿ ಕಸುಬಿನವರು ಮಾಡುವುದೊಂದೇ, ಬೇರೆ ಫೋಟೋದಿಂದ ಮುಖ ತಂದು ಕೂರಿಸುವುದು. ಬೆಳಕು ಬಿದ್ದ ಬದಿ ಒಂದೇ ಇರಬೇಕು, ವಯಸ್ಸು ಹೊಂದಬೇಕು, ಅಷ್ಟೇ. ಮುದುಕನಿಗೆ ಗಡ್ಡದ ಮುಖ ಬೇಕಿತ್ತು. ಮೊನ್ನೆ ತಾನೇ ಕುಂಞಮ್ಮದರ ವೀಸಾ ಫೋಟೋ ತೆಗೆದಿದ್ದ, ಅದನ್ನೇ ತಂದ. ಕಣ್ಣು ಅರೆ ಮುಚ್ಚಿಸಿದ, ಗಲ್ಲ ಒಣಗಿಸಿದ. ಎಷ್ಟು ಚೆನ್ನಾಗಿ ಕೂತಿತೆಂದರೆ, ಆ ಭುಜಗಳ ಮೇಲೆ ಹುಟ್ಟಿದಾಗಿನಿಂದ ಅದೇ ತಲೆ ಇತ್ತೇನೋ!

ಮಗುವಿಗೆ?

ಇಲ್ಲಿ ಒಂದು ಕ್ಷಣ ಅವನ ಕೈ ತಡೆಯಿತು. ತಡೆಯಿತು ಎಂಬುದನ್ನು ಅವನ ಪರವಾಗಿ ಹೇಳಲೇಬೇಕು. ಆದರೆ ಹಿತಾಳ ಶಾಲೆಯ ಗುರುತುಚೀಟಿಗೆ ಅವನೇ ಫೋಟೋ ತೆಗೆದಿದ್ದ. ಅದರಲ್ಲೂ ಬೆಳಕು ಎಡದಿಂದಲೇ ಬಿದ್ದಿತ್ತು, ಕತ್ತು ಅದೇ ಕೋನಕ್ಕೆ ವಾಲಿತ್ತು. ಯಾರ ಮುಖ ಯಾರಿಗೆ ಗೊತ್ತಾಗಬೇಕು? ಮೂಗು ಸ್ವಲ್ಪ ಚೂಪು ಮಾಡಿದರಾಯಿತು. ಸಂಜೆಯೊಳಗೆ ಅವನ ಮಗಳು ನೂರು ವರ್ಷಕ್ಕೂ ಹಿಂದಿನ ಒಂದು ಕಡಲತೀರದಲ್ಲಿ, ಒಡೆದ ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೂತಿದ್ದಳು.

"ಹೋಲ್ಡ್ ಸ್ಟಿಲ್."

ಅಲುಗಬೇಡ ಎಂದು ಬೆನ್ನ ಹಿಂದೆ ಗಂಡಸಿನ ದನಿ. ಇಂಗ್ಲಿಷ್. ಸಮಾಧಾನದ ದನಿ, ಆಳುಗಳಿಗೆ ಎರಡು ಸಲ ಹೇಳಿ ಅಭ್ಯಾಸವಿಲ್ಲದವನದು. ಬಾಲಸುಬ್ರಹ್ಮಣ್ಯ ತಿರುಗಿ ನೋಡಿದ. ಬಾಗಿಲ ಪರದೆ ಅಷ್ಟೇ ಇತ್ತು. ಪಕ್ಕದ ಗ್ಯಾರೇಜಿನವರ ಟಿವಿ ಇರಬೇಕು ಎಂದುಕೊಂಡು ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ. ಗುರುವಾರ ಸಂಜೆ ಸಿಳ್ಳೆ ಹಾಕುತ್ತಾ ಅಲ್ ಖೌದ್‌ನ ಮನೆಗೆ ಹೋದ.

ಶುಕ್ರವಾರ ಊಟದ ಹೊತ್ತು. ಹಿತಾ ಚಮಚ ಬಾಯಿಯ ಹತ್ತಿರ ಹಿಡಿದು ಹಾಗೇ ಕೂತಿದ್ದಳು. ಮೊಸರನ್ನದ ನೀರು ಚಮಚದ ತುದಿಯಿಂದ ತೊಟ್ಟಿಕ್ಕುತ್ತಿತ್ತು.

"ಹಿತಾ, ಏನು ಆಟ ಇದು? ತಿನ್ನು," ಎಂದಳು ಆಶಿತಾ.

ಹುಡುಗಿ ಕಣ್ಣು ಮಿಟುಕಿಸಿ ನೆಟ್ಟಗಾದಳು. "ಐ ವಾಸ್ ಟೋಲ್ಡ್ ನಾಟ್ ಟು ಮೂವ್."

"ಯಾರು ಹೇಳಿದ್ದು?"

"ದಟ್ ಅಂಕಲ್. ಹಿ ಹ್ಯಾಸ್ ಎ ಕ್ಲಾತ್ ಆನ್ ಹಿಸ್ ಹೆಡ್."

ಆಶಿತಾ ಗಂಡನ ಮುಖ ನೋಡಿದಳು. ಅವನು ಟಿವಿ ಜಾಸ್ತಿಯಾಯಿತು ಎಂದ. ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಕೈ ತೊಳೆದ.

ಶನಿವಾರ ಅಂಗಡಿಗೆ ಹೋದಾಗ ಶಟರ್ ಅರ್ಧ ಎತ್ತಿತ್ತು. ಒಳಗೆ ಸದ್ದಿಲ್ಲ. ಗರಗಸವಿಲ್ಲ, ರೇಡಿಯೋ ಇಲ್ಲ, ಕುಂಞಮ್ಮದರ ಕೆಮ್ಮಿಲ್ಲ. ಇದ್ದದ್ದು ಒಂದೇ, ಅಲೆಯ ಸದ್ದು. ಘಾಲಾದ ಆ ಗುಡ್ಡದ ಬದಿಯ ಗ್ಯಾರೇಜುಗಳ ನಡುವೆ, ಅಲೆ ಬಂದು ಮರಳಿನ ಮೇಲೆ ಒಡೆದು ಹಿಂದಕ್ಕೆ ಹೋಗುವ ಸದ್ದು.

"ಸಾಹೇಬ್ರೆ?"

ಕುಂಞಮ್ಮದ್ ಮೇಜಿನ ಹತ್ತಿರ ನಿಂತಿದ್ದರು. ಗಾಜು ಕೊಯ್ಯುವ ಕಟರ್ ಕೈಯಲ್ಲಿ. ಗಾಜಿನ ಮೇಲೆ ಗೆರೆ ಅರ್ಧಕ್ಕೆ ನಿಂತಿತ್ತು. ಬಾಲಸುಬ್ರಹ್ಮಣ್ಯ ಹೆಗಲು ಮುಟ್ಟಿದ. ಮರ. ಹೆಗಲಲ್ಲ, ಮರ. ಗಡ್ಡದಲ್ಲಿ ಹುಡಿಯಿರಲಿಲ್ಲ, ಒದ್ದೆ ಮರಳಿತ್ತು. ಉಸಿರು ಇತ್ತೋ ಇಲ್ಲವೋ ಎನ್ನುವಷ್ಟು. ಕಣ್ಣು ಮಾತ್ರ ಬದುಕಿತ್ತು. ಅವು ಮೆಲ್ಲಗೆ ಹೊರಳಿ ಇವನನ್ನು ನೋಡಿದವು. ಆ ನೋಟದಲ್ಲಿ ಬೈಗುಳವಿದ್ದಿದ್ದರೆ ಚೆನ್ನಾಗಿತ್ತು. ಬರೀ ಭಯವಿತ್ತು.

"ತೆಗೆದಿರಾ..." ತುಟಿ ಅಲುಗದೆ ಬಂದ ಮಾತು. "ಭಟ್ರೆ, ಮುಖ ತೆಗೆದಿರಾ..."

ಆಸ್ಪತ್ರೆಯಲ್ಲಿ ಹೃದಯ ಎಂದರು. ಸಂಜೆಯೊಳಗೆ ಖಲಾಸ್. ಮರುದಿನ ಭಾನುವಾರ, ಮಸ್ಕತ್ತಿನಲ್ಲಿ ವಾರ ಶುರುವಾಗುವ ದಿನ, ನಸುಕಿನಲ್ಲೇ ದಫನ. ಉಳ್ಳಾಲ, ಮಂಗಳೂರು ಕಡೆಯವರೆಲ್ಲ ಸೇರಿದ್ದರು. ಬಿಳಿ ಬಟ್ಟೆ ಮುಚ್ಚುವ ಮುಂಚೆ ಕೊನೆಯ ಸಲ ಮುಖ ನೋಡಿ ಎಂದು ಯಾರೋ ಇವನನ್ನೂ ಮುಂದೆ ಬಿಟ್ಟರು. ಅರೆ ಮುಚ್ಚಿದ ಕಣ್ಣು, ಒಣಗಿದ ಗಲ್ಲ, ಎಡಕ್ಕೆ ವಾಲಿದ ಕತ್ತು. ಬಾಲಸುಬ್ರಹ್ಮಣ್ಯ ಹಿಂದಕ್ಕೆ ಸರಿದ. ಅದು ಸಾವು ಮಾಡಿದ ಮುಖವಲ್ಲ. ಗುರುವಾರ ಮಧ್ಯಾಹ್ನ ಮೌಸ್ ಹಿಡಿದು ತಾನೇ ಮಾಡಿದ ಮುಖ.

ಅವನು ಹೇಗೆ ಕಾರು ಓಡಿಸಿದನೋ ಅವನಿಗೇ ಗೊತ್ತಿಲ್ಲ. ಅಂಗಡಿಯ ಶಟರ್ ಎತ್ತಿ ಹಿಂದಿನ ಕೋಣೆಗೆ ನುಗ್ಗಿದ. ಗೋಡೆಯ ಪ್ರಿಂಟನ್ನು ಹರಿದ. ಚೂರು ಚೂರು ಮಾಡಿದ. ಕಂಪ್ಯೂಟರಿನಿಂದ ಚಿತ್ರವನ್ನು ಅಳಿಸಿದ. ಅಷ್ಟರಲ್ಲಿ ಫೋನು.

"ಹಿತಾ ಅಲ್ಲಾಡ್ತಿಲ್ಲ ರೀ!" ಆಶಿತಾ ಅಳುತ್ತಿದ್ದಳು. "ಶಾಲೆಗೆ ಹೊರಟವಳು ಬಾಗಿಲಲ್ಲೇ ನಿಂತಳು. ಶೂ ಲೇಸು ಕೈಯಲ್ಲೇ ಇದೆ. ಮೈಯೆಲ್ಲ ತಣ್ಣಗಾಗಿದೆ. ಏನಾಗ್ತಿದೆ ಇವಳಿಗೆ? ನೀವು ಎಲ್ಲಿದ್ದೀರಿ?"

"ಅವಳ ಕೈ ಹಿಡ್ಕೊ. ಬಿಡಬೇಡ. ಆಂಬುಲೆನ್ಸ್ ಕರಿ. ನಾನು... ನಾನು ಬಂದೆ."

ಬರಲಿಲ್ಲ. ಕಣ್ಣು ನೆಗೆಟಿವಿನ ಮೇಲೆ ಬಿದ್ದಿತ್ತು. ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ನೋಡಿದ. ಮುದುಕನ ಮುಖದ ಗೀರುಗಳು ಪೂರ್ತಿ ಕೂಡಿಕೊಂಡಿದ್ದವು, ಹಳೆ ಗಾಯ ಮಾಯ್ದ ಹಾಗೆ. ಗಾಜಿನಲ್ಲೇ ಕುಂಞಮ್ಮದರ ಮುಖ ಇತ್ತು. ಮಗುವಿನ ಮುಖದ ಮೇಲೆ ಇನ್ನು ಕೆಲವೇ ಗೀರು. ನೋಡುತ್ತಿದ್ದಂತೆ ಅದರಲ್ಲೊಂದು ತೆಳುವಾಯಿತು. ಹೋಯಿತು. ಅದರಡಿಯಿಂದ ಹಿತಾಳ ಹುಬ್ಬು ಮೂಡಿತು.

ಬೀಟ್ರಿಸ್‌ಗೆ ಫೋನು ಮಾಡಿದ. ಎಲ್ಲ ಒದರಿದ.

"ನಿಮಗೆ ಹೇಳಿದ್ದೆ," ಎಂದಳು. ಸಿಟ್ಟಿರಲಿಲ್ಲ, ಸೋತ ದನಿ. "ನನ್ನ ಅಜ್ಜನೂ ಹೀಗೇ ಮಾಡಿದ. ತನ್ನ ಅಪ್ಪ ಹೆರಾಲ್ಡನ ಚಿತ್ರ ಪೂರ್ತಿಯಾಗಲಿ ಎಂದು ತನ್ನ ಮಗಳ ಮುಖ ಬರೆಸಿದ. ಹೆರಾಲ್ಡ್ ಇನ್ನೂ ಚಿತ್ರ ತೆಗೆಯುತ್ತಲೇ ಇದ್ದಾನೆ. ಆ ತಾಯಿ ತನ್ನವರನ್ನು ಅವನಿಂದ ಬಿಡಿಸಿಕೊಂಡಳು. ಬಿಟ್ಟ ಜಾಗಕ್ಕೆ ಯಾರನ್ನು ಕೂರಿಸಿದರೂ ಅವನಿಗೆ ಸರಿ. ಅಲುಗದಿದ್ದರೆ ಸಾಕು."

"ನನ್ನ ಮಗಳು ಮೇಡಂ! ಏನು ಮಾಡ್ಲಿ? ಹೇಳಿ!"

"ಅವಳು ಮಾಡಿದ್ದನ್ನೇ. ಮುಖವನ್ನು ಕೆರೆಯಿರಿ, ಗಾಜಿನ ಮೇಲೆಯೇ. ನಿಮ್ಮ ಕೈಯಿಂದಲೇ, ಚೂರೂ ಉಳಿಸದ ಹಾಗೆ. ಅಜ್ಜ ಕೆರೆದ, ಅವನ ಮಗಳು, ನನ್ನ ಅತ್ತೆ, ಉಳಿದಳು. ಕೆರೆದವರು ಬೆಲೆ ಕೊಡಬೇಕಾಗುತ್ತದೆ. ಏನು ಕೊಟ್ಟೆ ಎಂದು ಅಜ್ಜ ಕೊನೆಯವರೆಗೂ ಹೇಳಲಿಲ್ಲ. ಆದರೆ ಆಮೇಲೆ ಅವನು ಮಗಳ ಎದುರು ಕೂತು ಒಂದು ದಿನವೂ ಊಟ ಮಾಡಲಿಲ್ಲ."

"ಏನಾದ್ರೂ ಕೊಡ್ತೀನಿ," ಎಂದ. ಆ ಮಾತು ಅವನು ಮನಸ್ಸಿನಿಂದ ಆಡಿದ್ದು. ಜನ್ಮದಲ್ಲಿ ಅಷ್ಟು ನಿಜವಾದ ಮಾತು ಅವನು ಇನ್ನೊಂದು ಆಡಿರಲಿಕ್ಕಿಲ್ಲ.

ಫೋನು ಸತ್ತಿತು. ಬೆಳಕಿನ ಪೆಟ್ಟಿಗೆ ಮಿಣುಕಿತು. ಬಾಗಿಲ ಪರದೆ ತಾನಾಗಿ ಎಳೆದುಕೊಂಡಿತು.

ಕತ್ತಲು. ಹೊರಗೆ ಮಸ್ಕತ್ತಿನ ಬಿಸಿಲು ಡಾಂಬರು ಕರಗಿಸುತ್ತಿತ್ತು, ಇಲ್ಲಿ ಚಳಿ. ಆಸ್ಪತ್ರೆಯ ವಾಸನೆ ಮೂಗಿಗೆ ಹೊಡೆಯಿತು. ಸುಟ್ಟ ಮದ್ದುಗುಂಡಿನ ವಾಸನೆ. ಉಪ್ಪು. ಕೊಳೆತ ಪಾಚಿ. ಅಲೆ ಒಡೆಯಿತು, ಈ ಸಲ ಕೋಣೆಯ ಒಳಗೆ, ಪಾದದ ಹತ್ತಿರ.

ಅವನು ಮೇಜಿನ ಮೇಲೆ ತಡಕಿದ. ಫ್ರೇಮಿಗೆ ಹೊಡೆಯುವ ಮೊಳೆಯೊಂದು ಕೈಗೆ ಸಿಕ್ಕಿತು. ಗಾಜಿನ ಮೇಲೆ ಬಾಗಿದ.

"ಹೋಲ್ಡ್ ಸ್ಟಿಲ್."

ಮೂಲೆಯಲ್ಲಿ ಏನೋ ನಿಂತಿತ್ತು. ಮೂರು ಕಾಲು ಕಂಡವು, ಮರದವು. ಅವುಗಳ ಹಿಂದೆ ಎರಡು ಕಾಲು, ಬೂಟಿನವು. ಮೇಲೆ ಕಪ್ಪು ಬಟ್ಟೆಯ ಗೂನು. ಬಟ್ಟೆಯೊಳಗಿನಿಂದ ಒಂದೇ ಕಣ್ಣು, ದುಂಡನೆಯ ಗಾಜಿನ ಕಣ್ಣು, ಇವನನ್ನೇ ನೋಡುತ್ತಿತ್ತು.

ಕೈ ನಿಂತಿತು. ಬೆರಳು ಮಡಚಲಿಲ್ಲ. ಮೊಣಕೈ ಮರವಾಯಿತು. ಚಳಿ ಭುಜಕ್ಕೇರಿತು, ಕತ್ತಿಗೇರಿತು. ಎಷ್ಟು ಹಿತ ಅದು! ಅಲುಗದಿದ್ದರೆ ನೋವಿಲ್ಲ. ಅಲುಗದಿದ್ದರೆ ಚಿತ್ರ ಚೆನ್ನಾಗಿ ಬರುತ್ತದೆ. ಹೌದು ಸಾರ್. ಆಯಿತು ಸಾರ್. ಅವನ ನಾಲಿಗೆಯ ಮೇಲೆ ಆ ಮಾತು ತಾನಾಗಿ ಬಂತು, ತಾತ ಮುತ್ತಾತಂದಿರ ಕಾಲದಿಂದ ಅಲ್ಲೇ ಕಾದಿತ್ತೋ ಏನೋ.

ಗಾಜಿನಲ್ಲಿ ಇನ್ನೊಂದು ಗೀರು ಅಳಿಯಿತು. ಕಣ್ಣು ತೆರೆಯಿತು. ನೆಗೆಟಿವಿನ ಕಣ್ಣು. ಕಪ್ಪು ಮುಖ, ಬಿಳಿ ಕೂದಲು, ಬಿಳಿ ಪಾಪೆ. ಆದರೂ ಅವಳೇ. ಜ್ವರ ಬಂದು ಮಲಗಿದಾಗ ಮಂಚದಿಂದ ಬಾಗಿಲನ್ನೇ ನೋಡುತ್ತಿದ್ದವಳು ಅವಳೇ. ಅಪ್ಪ ಬರುತ್ತಾನೆ ಎಂದು ನಂಬಿಕೊಂಡ ನೋಟ.

"ಹಿತಾ!"

ಕೂಗಿದ. ಗಂಟಲು ಅಲುಗಿತು. ಗಂಟಲು ಅಲುಗಿದ್ದರಿಂದ ಎದೆ ಅಲುಗಿತು. ಅತ್ತ. ಬಿಕ್ಕಿ ಬಿಕ್ಕಿ ಅತ್ತ. ಆ ಬಿಕ್ಕಿಗೆ ಭುಜ ಕುಲುಕಿತು, ಕೈ ಕುಲುಕಿತು, ಮೊಳೆ ಗಾಜಿಗೆ ತಾಗಿತು.

ಕರ್ರ್ ಎಂದಿತು.

"ಹೋಲ್ಡ್ ಸ್ಟಿಲ್!" ಈಗ ದನಿಯಲ್ಲಿ ಸಮಾಧಾನವಿರಲಿಲ್ಲ. ಬೂಟು ಹೆಜ್ಜೆ ಇಟ್ಟಿತು. ಕಪ್ಪು ಬಟ್ಟೆ ಬೆನ್ನಿಗೆ ತಾಗಿತು. ಒದ್ದೆ ಬಟ್ಟೆ. ತಲೆಯ ಮೇಲೆ ಬಂತು. ಉಸಿರು ಕಟ್ಟಿತು. ಅವನು ನಿಲ್ಲಿಸಲಿಲ್ಲ. ಮೊದಲು ಕಣ್ಣು. ಮಗಳ ಕಣ್ಣನ್ನು ಕೆರೆದ. ಇನ್ನೊಂದು ಕಣ್ಣು. ಮೂಗು. ಗಲ್ಲದ ಗುಳಿ. ಹಾಲುಹಲ್ಲು ಬಿದ್ದ ಕಡೆ ತುಟಿ ಸ್ವಲ್ಪ ಒಳಗೆ ಹೋಗಿತ್ತು, ಅದನ್ನೂ ಬಿಡಲಿಲ್ಲ. ಪ್ರತಿ ಗೀರಿಗೂ ತನ್ನ ಕರುಳಿನ ಒಂದೊಂದು ಎಳೆ ಕಿತ್ತ ಹಾಗಾಗುತ್ತಿತ್ತು. ಬಿಡಲಿಲ್ಲ. ಅಡ್ಡ ಕೆರೆದ. ಉದ್ದ ಕೆರೆದ. ಒತ್ತೊತ್ತಾಗಿ. ಚೂರೂ ಉಳಿಸದೆ.

ಆಮೇಲೆ, ಕೈ ಸೋಲುವ ಮುಂಚೆ, ಪಕ್ಕದಲ್ಲಿದ್ದ ಕುಂಞಮ್ಮದರ ಮುಖಕ್ಕೂ ಆ ಹೊದಿಕೆ ಹೊದೆಸಿದ.

ಬಟ್ಟೆ ಜಾರಿತು. ಅಲೆ ಹಿಂದಕ್ಕೆ ಹೋಯಿತು. ಮತ್ತೆ ಬರಲಿಲ್ಲ. ಪರದೆಯ ಸಂದಿಯಿಂದ ಬಿಸಿಲಿನ ಒಂದು ಗೆರೆ ನೆಲಕ್ಕೆ ಬಿತ್ತು. ಪಕ್ಕದ ಗ್ಯಾರೇಜಿನಲ್ಲಿ ಯಾರೋ 'ಯಲ್ಲಾ, ಯಲ್ಲಾ' ಎಂದು ಕೂಗುತ್ತಿದ್ದರು. ಬಾಲಸುಬ್ರಹ್ಮಣ್ಯ ನೆಲದ ಮೇಲೆ ಕುಸಿದು ಕೂತ. ಫೋನು ಬಡಿದುಕೊಂಡಿತು.

"ಅಪ್ಪಾ!" ಹಿತಾ. ಹಿಂದೆ ಆಶಿತಾ ಅಳುವುದೂ ನಗುವುದೂ ಒಟ್ಟಿಗೆ ಕೇಳುತ್ತಿತ್ತು. "ಅಪ್ಪಾ, ಐ ವಾಸ್ ಸೋ ಕೋಲ್ಡ್. ವೇರ್ ಆರ್ ಯೂ? ಅಮ್ಮ ಈಸ್ ನಾಟ್ ಲೀವಿಂಗ್ ಮೈ ಹ್ಯಾಂಡ್."

"ಬಂದೆ ಕಂದ. ಬಂದೆ. ಅಲ್ಲಾಡ್ತಾ ಇರು. ಕುಣೀತಾ ಇರು. ನಿಲ್ಲಬೇಡ."

ಅಲ್ ಖೌದಿನ ದಾರಿಯುದ್ದಕ್ಕೂ ಅವನು ಕುಂಞಮ್ಮದರನ್ನು ನೆನೆದು ಅತ್ತ. ಗಡ್ಡ ನೆನಪಾಯಿತು, ಅದರೊಳಗಿನ ಮರದ ಹುಡಿ ನೆನಪಾಯಿತು, 'ಭಟ್ರೆ' ಎಂಬ ದನಿ ನೆನಪಾಯಿತು. ಮುಖ ಮಾತ್ರ ನೆನಪಿಗೆ ಬರಲಿಲ್ಲ. ಬೆಳಿಗ್ಗೆ ತಾನೆ ನೋಡಿದ ಮುಖ. ದುಃಖಕ್ಕೆ ಹೀಗಾಗುತ್ತದೆ ಎಂದುಕೊಂಡ. ಕಾರಿನ ವೇಗ ಹೆಚ್ಚಿಸಿದ.

ಬಾಗಿಲು ತೆರೆದವಳು ಹಿತಾಳೇ.

ಶಾಲೆಯ ಸಮವಸ್ತ್ರ ಅವಳದು. ಒಂದೇ ಕಾಲಿನ ಶೂ ಅವಳದು. ಎರಡು ಜಡೆ ಅವಳದು. ಜಡೆಗಳ ನಡುವೆ ಕಪ್ಪು ಗೀರುಗಳ ಗೋಜಲು. ಒಂದರ ಮೇಲೊಂದು, ಒತ್ತೊತ್ತಾಗಿ. ಆ ಗೋಜಲು "ಅಪ್ಪಾ" ಎಂದಿತು. ಓಡಿ ಬಂದು ಅವನ ಹೊಟ್ಟೆಗೆ ಒತ್ತಿಕೊಂಡಿತು. ಬಿಸಿಯಾಗಿತ್ತು, ಕಣ್ಣೀರಿನಿಂದ ಒದ್ದೆಯಾಗಿತ್ತು. ಅವನು ಕಿರುಚಲಿಲ್ಲ. ಹೇಗೆ ಕಿರುಚಲಿಲ್ಲವೋ, ಆ ಶಕ್ತಿ ಎಲ್ಲಿಂದ ಬಂತೋ! ಬೆರಳಿನಿಂದ ತಡವಿದ. ಮೂಗಿತ್ತು. ಗಲ್ಲದ ಗುಳಿ ಇತ್ತು. ಕೈಗೆ ಸಿಕ್ಕಿದ್ದು ಕಣ್ಣಿಗೆ ಸಿಗಲಿಲ್ಲ.

"ನೋಡ್ರೀ, ಮುಖಕ್ಕೆ ಎಷ್ಟು ಬೇಗ ಕಳೆ ಬಂತು," ಎಂದಳು ಆಶಿತಾ, ಮಗಳ ತಲೆ ನೇವರಿಸುತ್ತಾ.

"ಹೂಂ," ಎಂದ.

ನೆಗೆಟಿವನ್ನು ಬೀಟ್ರಿಸ್ ತಾನೇ ಬಂದು ಒಯ್ದಳು. ಕಡಲ ತೀರದ ಯಾವುದೋ ಹೆಸರಿಲ್ಲದ ಜಾಗದಲ್ಲಿ ಹೂತು, ಊರಿಗೆ ಹೋದಳು. ಹೋಗುವಾಗ ಅವನ ಕೈಯನ್ನು ಒಂದು ಸಲ ಒತ್ತಿದಳು, ಏನು ಕೊಟ್ಟೆ ಎಂದು ಕೇಳಲಿಲ್ಲ. ಕೇಳಿದ್ದರೂ ಅವನು ಹೇಳುತ್ತಿರಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಗೋಡೆಯ ಮೇಲಿನ ಹುಟ್ಟುಹಬ್ಬದ ಫೋಟೋಗಳಲ್ಲಿ, ಪಾಸ್‌ಪೋರ್ಟಿನಲ್ಲಿ, ತೊಟ್ಟಿಲಿನ ಹಳೆಯ ಚಿತ್ರದಲ್ಲಿ, ಎಲ್ಲ ಕಡೆ ಅವನಿಗೆ ಕಾಣುತ್ತಿದ್ದುದು ಅದೇ ಗೀರು. ಕನಸಿನಲ್ಲೂ ಬಿಟ್ಟಿರಲಿಲ್ಲ.

ಹಿತಾ ಮತ್ತೆ ಶಾಲೆಗೆ ಹೋದ ದಿನ ಕರೆತರಲು ಅವನೇ ಹೋದ. ಗಂಟೆ ಹೊಡೆಯಿತು. ಒಂದೇ ಬಣ್ಣದ ಸಮವಸ್ತ್ರ ತೊಟ್ಟ ನೂರಾರು ಮಕ್ಕಳು ಗೇಟಿನ ಕಡೆ ನುಗ್ಗಿ ಬಂದರು. ತಾಯಂದಿರು ಕತ್ತು ಉದ್ದ ಮಾಡಿ, ಹೆಸರು ಕೂಗಿ, ತಮ್ಮ ತಮ್ಮ ಮಕ್ಕಳನ್ನು ಹುಡುಕುತ್ತಿದ್ದರು. ಅವನು ಹುಡುಕಬೇಕಾಗಲಿಲ್ಲ. ಅಷ್ಟು ನಗುಮುಖಗಳ ನಡುವೆ ಮುಖವಿಲ್ಲದ್ದು ಒಂದೇ ಒಂದು. ಅದು ಅವನನ್ನು ನೋಡಿ ಕೈ ಬೀಸಿತು. ಓಡಿ ಬಂತು. ನಗುತ್ತಿದ್ದಾಳೆಂದು ಅವನಿಗೆ ಸದ್ದಿನಿಂದ ತಿಳಿಯಿತು. ಅವನೂ ನಕ್ಕು, ಅವಳ ಚೀಲ ತೆಗೆದುಕೊಂಡು, ಕೈ ಹಿಡಿದು ಕಾರಿನ ಕಡೆ ನಡೆದ.